ತಗ್ಗು ದಿಬ್ಬದ ದೊಡ್ಡ ಅಂಗಳಕ್ಕೆ ರೈಡಿಂಗ್ ಮೋವರ್: ಮೊದಲು ನೆಲ ಅಳೆಯಿರಿ, ಆಮೇಲೆ ಅಂಗಡಿಗೆ ಹೋಗಿ

ಕಲಬುರಗಿ ರಿಂಗ್ ರೋಡ್ ಆಚೆಯ ಫಂಕ್ಷನ್ ಹಾಲ್‌ಗಳು, ಬೀದರ್ ಸುತ್ತಲಿನ ಫಾರ್ಮ್‌ಹೌಸ್‌ಗಳು, ಯಾದಗಿರಿ ಕಡೆಯ ಶಾಲೆ ಕಾಲೇಜು ಮೈದಾನಗಳು, ಎಲ್ಲ ಕಡೆಯಿಂದ ಬರುವ ದೂರು ಒಂದೇ. ಲಕ್ಷಗಟ್ಟಲೆ ಕೊಟ್ಟು ರೈಡಿಂಗ್ ಮೋವರ್, ಅಂದರೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಮಷಿನ್ ತಂದರು, ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಅದು ಶೆಡ್ ಸೇರಿತು. ಒಂದು ಕಡೆ ಹುಲ್ಲು ಬುಡಸಮೇತ ಬೋಳಾಗುತ್ತದೆ, ಪಕ್ಕದಲ್ಲೇ ಮೊಣಕಾಲುದ್ದ ಉಳಿಯುತ್ತದೆ. ಬ್ಲೇಡ್ ಕಲ್ಲಿಗೆ ಬಡಿಯುತ್ತದೆ, ಬೆಲ್ಟ್ ಹರಿಯುತ್ತದೆ.

ವಿಚಾರಿಸಿದರೆ ಕೊಂಡ ಕ್ರಮ ಹೆಚ್ಚುಕಮ್ಮಿ ಎಲ್ಲರದೂ ಹೀಗೇ ಇರುತ್ತದೆ: ಮೊದಲು ಎಚ್‌ಪಿ ಕೇಳಿದರು, ಆಮೇಲೆ ಡೆಕ್ (ಬ್ಲೇಡ್‌ಗಳನ್ನು ಮುಚ್ಚಿರುವ ತಗಡಿನ ಕವಚ) ಅಗಲ, ಆಮೇಲೆ ರೇಟು. ನೆಲದ ವಿಚಾರ ಮಷಿನ್ ಮನೆಗೆ ಬಂದ ಮೇಲೆ. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು. ಕೆಳಗಿನ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

## ಹಂತ 1: ಅಳತೆಗೆ ಬೇಕಾದ ಸಾಮಾನು

ಉದ್ದನೆಯ ಟೇಪು, ಗೂಟಗಳು, ದಾರ, ಸುಣ್ಣದ ಪುಡಿ, ಒಂದು ಹಾರೆ, ಒಂದು ಇಟ್ಟಿಗೆ. ಗೌಂಡಿಗಳು ಬಳಸುವ ನೀರಿನ ಲೆವೆಲ್ ಪೈಪು. ಜೊತೆಗೆ ಎರಡು ನೇರ ಪಟ್ಟಿ, ಒಂದು 42 ಇಂಚು, ಇನ್ನೊಂದು 54 ಇಂಚು. ಅಲ್ಯೂಮಿನಿಯಂ ಬಾಕ್ಸ್ ಪೈಪ್ ಕತ್ತರಿಸಿಕೊಂಡರೆ ಒಳ್ಳೆಯದು. ಪ್ಲೈವುಡ್ ಪಟ್ಟಿ ಬಾಗುತ್ತದೆ, ಅಳತೆ ಸುಳ್ಳಾಗುತ್ತದೆ.

## ಹಂತ 2: ನೆಲ ಅಳೆಯುವುದು

ಈ ಕೆಲಸಕ್ಕೆ ಏಪ್ರಿಲ್, ಮೇ ತಿಂಗಳು ಸರಿ. ಹುಲ್ಲು ಒಣಗಿ ನೆಲ ಕಾಣುತ್ತಿರುತ್ತದೆ, ಬಿರುಕುಗಳೂ ಬಾಯಿ ಬಿಟ್ಟಿರುತ್ತವೆ. ಮಳೆಗಾಲದ ಹಸಿರು ನೋಡಿ ನೆಲ ಸಪಾಟಾಗಿದೆ ಅಂದುಕೊಳ್ಳುವುದೇ ಎಲ್ಲರೂ ಮಾಡುವ ಮೊದಲ ತಪ್ಪು.

ವಿಸ್ತೀರ್ಣ. ಪಹಣಿಯಲ್ಲಿರುವ ಎಕರೆ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಟ್ಟಡ, ದಾರಿ, ಪಾರ್ಕಿಂಗ್, ಮರದ ಬುಡ ಬಿಟ್ಟು ನಿಜವಾಗಿ ಹುಲ್ಲು ಕತ್ತರಿಸಬೇಕಾದ ಜಾಗ ಎಷ್ಟು ಅಂತ ಗುಂಟೆಯಲ್ಲಿ ಬರೆದುಕೊಳ್ಳಿ. 33 ಅಡಿ ಉದ್ದ, 33 ಅಡಿ ಅಗಲ ಅಂದರೆ ಒಂದು ಗುಂಟೆ. ಎರಡು ಎಕರೆ ಅಂದುಕೊಂಡವರ ಲಾನ್ ಎಷ್ಟೋ ಸಲ 50 ಗುಂಟೆಯೂ ಇರುವುದಿಲ್ಲ.

ಕಲ್ಲು, ಕೂಳೆ, ಬಿಲ. ಜಾಗವನ್ನು ದಾರ ಕಟ್ಟಿ ಪಟ್ಟೆ ಪಟ್ಟೆ ಮಾಡಿ, ಒಂದೊಂದು ಪಟ್ಟೆಯಲ್ಲೂ ನಿಧಾನಕ್ಕೆ ನಡೆಯಿರಿ. ಕಾಲಿಗೆ ತಾಗಿದ್ದಕ್ಕೆಲ್ಲ ಸುಣ್ಣ ಹಾಕಿ. ಕಲಬುರಗಿ, ಶಹಾಬಾದ್, ಸೇಡಂ ಕಡೆ ಫರಸಿ ಕಲ್ಲಿನ ಚಕ್ಕೆ ಅಂಚು ಮೇಲೆ ಮಾಡಿಕೊಂಡು ನಿಂತಿರುತ್ತದೆ. ಮಣ್ಣಿನಿಂದ ಒಂದು ಇಂಚು ಮೇಲೆ ಕಂಡರೂ ಒಳಗೆ ದೊಡ್ಡ ಹಾಸು ಇರಬಹುದು, ಹಾರೆಯಿಂದ ಕುಟ್ಟಿ ನೋಡಿ. ಯಾದಗಿರಿ ಕಡೆ ಗುಂಡುಕಲ್ಲಿನ ಕಾಟ. ಹಿಂದೆ ತೊಗರಿ ಹೊಲವಾಗಿದ್ದ ಜಾಗವಾದರೆ ಹಳೆಯ ಸಾಲುಗಳು ಇನ್ನೂ ಇರುತ್ತವೆ. ಒಣಗಿದ ತೊಗರಿ ಕೂಳೆ ಟೈರಿಗೆ ಮೊಳೆ ಇದ್ದ ಹಾಗೆ. ಹೆಗ್ಗಣದ ಬಿಲ, ಗೆದ್ದಲ ಹುತ್ತ, ಹಳೆಯ ಬದು, ಇವನ್ನೂ ಗುರುತು ಮಾಡಿ.

ಉಬ್ಬು ತಗ್ಗು. ಮಷಿನ್ ಯಾವುದು ಅಂತ ನಿರ್ಧಾರವಾಗುವುದು ಈ ಅಳತೆಯ ಮೇಲೆ. 42 ಇಂಚಿನ ಪಟ್ಟಿಯನ್ನು ನೆಲದ ಮೇಲೆ ಅಡ್ಡ ಇಡಿ. ದಿಬ್ಬದ ಮೇಲಿಟ್ಟರೆ ಪಟ್ಟಿಯ ತುದಿಗಳು ಗಾಳಿಯಲ್ಲಿರುತ್ತವೆ, ತಗ್ಗಿನ ಮೇಲಿಟ್ಟರೆ ನಡುವೆ ಸಂದು ಬೀಳುತ್ತದೆ. ಆ ಸಂದು ಎಷ್ಟು ಇಂಚು ಅಂತ ಬರೆಯಿರಿ. ಅದೇ ಜಾಗದಲ್ಲಿ 54 ಇಂಚಿನ ಪಟ್ಟಿ ಇಡಿ. ಸಂದು ಜಾಸ್ತಿಯಾಗುವುದು ಕಣ್ಣಿಗೇ ಕಾಣುತ್ತದೆ. ಡೆಕ್ ಅನ್ನುವುದು ಹೀಗೆ ನೆಲದ ಮೇಲೆ ಹೋಗುವ ಬಾಗದ ಪಟ್ಟಿಯೇ. ಹುಲ್ಲನ್ನು 3 ಇಂಚಿಗೆ ಕತ್ತರಿಸುವ ಯೋಚನೆ ಇದ್ದು ಪಟ್ಟಿಯ ಸಂದು ಒಂದೂವರೆ ಇಂಚು ದಾಟಿದರೆ, ಆ ಅಗಲದ ಡೆಕ್ ಅಲ್ಲಿ ಬೇಡ. ಇದು ನನ್ನ ಅಂದಾಜಿನ ನಿಯಮ, ಆದರೆ ಇದನ್ನು ಮೀರಿದವರ ಲಾನ್ ನೋಡಿದ್ದೇನೆ. ಅಲ್ಲಲ್ಲಿ ಮಣ್ಣು ಕಾಣುತ್ತಿರುತ್ತದೆ.

ಬರೀ ಕೆಟ್ಟ ಜಾಗಗಳಲ್ಲೇ ಅಳೆದು ಹೆದರಬೇಡಿ. ಒಳ್ಳೆಯ ಜಾಗದಲ್ಲೇ ಅಳೆದು ಸಮಾಧಾನವನ್ನೂ ಪಡಬೇಡಿ. ಪಟ್ಟೆಗೆ ನಾಲ್ಕೈದು ಕಡೆ ಇಟ್ಟು ನೋಡಿ.

ಇಳಿಜಾರು. ಎರಡು ಗೂಟವನ್ನು 10 ಅಡಿ ಅಂತರದಲ್ಲಿ ನೆಟ್ಟು ಲೆವೆಲ್ ಪೈಪಿನಿಂದ ಎತ್ತರದ ವ್ಯತ್ಯಾಸ ನೋಡಿ. 1 ಅಡಿ 9 ಇಂಚು ಬಂದರೆ ಸುಮಾರು 10 ಡಿಗ್ರಿ. 2 ಅಡಿ 8 ಇಂಚು ಬಂದರೆ 15 ಡಿಗ್ರಿ. ಬಹಳಷ್ಟು ರೈಡಿಂಗ್ ಮೋವರ್‌ಗಳ ಮ್ಯಾನುಯಲ್ 15 ಡಿಗ್ರಿಗಿಂತ ಕಡಿದಾದ ಕಡೆ ಓಡಿಸಬೇಡಿ ಅನ್ನುತ್ತದೆ, ಕೆಲವು ಇನ್ನೂ ಕಡಿಮೆ ಹೇಳುತ್ತವೆ. ಅಷ್ಟು ಕಡಿದಾದ ಜಾಗವನ್ನು ಈಗಲೇ ಲೆಕ್ಕದಿಂದ ತೆಗೆದುಹಾಕಿ. ಅದು ಬ್ರಷ್ ಕಟ್ಟರ್‌ಗೆ ಬಿಟ್ಟ ಜಾಗ.

ಮಣ್ಣು. ಎರೆ ನೆಲ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಯಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಹಸಿ ಎರೆಯ ಮೇಲೆ ಎರಡು ಕ್ವಿಂಟಲ್ ತೂಕದ ಮಷಿನ್ ಹೋದರೆ ಚಕ್ರದ ಜಾಡು ಬೀಳುತ್ತದೆ. ಅದು ಒಣಗಿದ ಮೇಲೆ ಕಲ್ಲಿನಂತೆ ಗಟ್ಟಿ. ಅಂದರೆ ಮುಂದಿನ ಸಲ ನಿಮ್ಮನ್ನು ಕುಲುಕಿಸುವ ಉಬ್ಬನ್ನು ಮಷಿನ್ ತಾನೇ ಮಾಡಿಟ್ಟಿರುತ್ತದೆ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ಬೇಗ ಇಂಗುತ್ತದೆ, ಈ ತೊಂದರೆ ಕಮ್ಮಿ. ಆದರೆ ಅಲ್ಲಿನ ಗರಸು ಬ್ಲೇಡಿನ ಅಂಚನ್ನು ಬೇಗ ಸವೆಸುತ್ತದೆ.

## ಹಂತ 3: ರೈಡಿಂಗ್ ಮೋವರ್ ನಿಜಕ್ಕೂ ಬೇಕಾ?

ಅಳತೆ ಕೈಯಲ್ಲಿದೆ. ಈಗ ಒಂದು ಕ್ಷಣ ನಿಲ್ಲಿ.

ಜಾಗ 20 ಗುಂಟೆಗಿಂತ ಕಮ್ಮಿ ಇದ್ದರೆ ದೂಡುವ ಅಥವಾ ತಾನೇ ಮುಂದೆ ಸಾಗುವ ಮೋವರ್ ಸಾಕು. ಹುಲ್ಲಿಗಿಂತ ಕಾಂಗ್ರೆಸ್ ಕಸ, ಜಾಲಿ ಮರಿ, ಎದೆಯುದ್ದದ ಗಿಡಗಳೇ ಜಾಸ್ತಿ ಇದ್ದರೆ ಲಾನ್ ಮೋವರ್ ಯಾವುದಾದರೂ ಸೋಲುತ್ತದೆ. ಅಲ್ಲಿಗೆ ಟ್ರ್ಯಾಕ್ಟರ್ ಹಿಂದೆ ಕಟ್ಟುವ ರೋಟರಿ ಸ್ಲ್ಯಾಷರ್ ಸರಿ. ನಮ್ಮ ಕಡೆ ಬಹಳ ಮನೆಗಳಲ್ಲಿ ಟ್ರ್ಯಾಕ್ಟರ್ ಹೇಗೂ ಇರುತ್ತದೆ, ಅದರ ಹಿಂದೆ ತಿರುಗುವ ಪಿಟಿಒ ಶಾಫ್ಟಿಗೆ ಸ್ಲ್ಯಾಷರ್ ಜೋಡಿಸಿದರೆ ಒರಟು ನೆಲವನ್ನು ಆರಾಮಾಗಿ ತಡೆದುಕೊಳ್ಳುತ್ತದೆ. ಕತ್ತರಿಸಿದ್ದು ಮದುವೆ ಲಾನ್ ತರಹ ನುಣುಪಾಗಿ ಕಾಣುವುದಿಲ್ಲ, ಅಷ್ಟೆ. ಮಾವಿನ ತೋಟದ ನಡುವಿನ ಹುಲ್ಲಿಗೆ ನುಣುಪು ಯಾಕೆ ಬೇಕು?

ಗರಿಕೆ ಅಥವಾ ಕಾರ್ಪೆಟ್ ಹುಲ್ಲಿನ ಲಾನ್, 30 ಗುಂಟೆಗಿಂತ ಜಾಸ್ತಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಕತ್ತರಿಸಲೇಬೇಕು ಅನ್ನುವವರು ಮುಂದೆ ಓದಿ.

## ಹಂತ 4: ಸರಿ ಮಾಡಬಹುದಾದ ನೆಲವನ್ನು ಮೊದಲು ಸರಿ ಮಾಡಿ

ಮಷಿನ್ ದುಡ್ಡಿನ ಒಂದು ಭಾಗವನ್ನು ನೆಲಕ್ಕೇ ಹಾಕಿ. ಸುಣ್ಣದ ಗುರುತಿರುವ ಕಲ್ಲು ಕೀಳಿಸಿ. ಕೀಳಲು ಬಾರದ ಹಾಸುಗಲ್ಲಿನ ಸುತ್ತ ಗಿಡದ ಮಡಿ ಮಾಡಿ, ಮೋವರ್ ಅದರ ಹತ್ತಿರ ಹೋಗದಂತಾಗುತ್ತದೆ. ಹಳೆಯ ಬದು, ತೊಗರಿ ಸಾಲುಗಳನ್ನು ಟ್ರ್ಯಾಕ್ಟರ್ ಬ್ಲೇಡಿನಿಂದ ಮಳೆಗೆ ಮುಂಚೆ ಎಳೆಸಿ. ಒಂದು ಮಳೆಗಾಲ ಕಳೆದ ಮೇಲೆ ಮಣ್ಣು ಕೂತು ಮತ್ತೆ ತಗ್ಗು ಬೀಳುತ್ತದೆ, ಅದನ್ನು ಪುಡಿಮಣ್ಣಿನಿಂದ ಅರ್ಧ ಅರ್ಧ ಇಂಚಿನಷ್ಟು ತುಂಬಿ. ಒಮ್ಮೆಲೇ ದಪ್ಪಗೆ ಸುರಿದರೆ ಕೆಳಗಿನ ಹುಲ್ಲು ಸಾಯುತ್ತದೆ.

ರೋಲರ್ ಹೊಡೆಸುವುದಾದರೆ ಮಣ್ಣು ಹದವಾಗಿರುವಾಗ ಮಾತ್ರ. ಹಸಿ ಎರೆಯ ಮೇಲೆ ರೋಲರ್ ಹೋದರೆ ನೆಲ ಹೆಂಟೆ ಕಟ್ಟಿ ಬೇರಿಗೆ ಗಾಳಿ ಸಿಗುವುದಿಲ್ಲ.

ಇಷ್ಟಾದ ಮೇಲೆ ಪಟ್ಟಿ ಇಟ್ಟು ಮತ್ತೊಮ್ಮೆ ಅಳೆಯಿರಿ. ಅಂಗಡಿಗೆ ಒಯ್ಯಬೇಕಾದ್ದು ಈ ಎರಡನೇ ಅಳತೆ.

## ಹಂತ 5: ಯಾವ ತರಹದ್ದು?

ಲಾನ್ ಟ್ರ್ಯಾಕ್ಟರ್. ಮುಂದೆ ಇಂಜಿನ್, ಹೊಟ್ಟೆಯ ಕೆಳಗೆ ಡೆಕ್, ಕೈಯಲ್ಲಿ ಸ್ಟೇರಿಂಗ್. ಉಬ್ಬು ತಗ್ಗಿನ ನೆಲಕ್ಕೆ ಬಹುತೇಕರಿಗೆ ಇದೇ ಸರಿ. ಟ್ರ್ಯಾಕ್ಟರ್ ಓಡಿಸಿ ಗೊತ್ತಿರುವ ಆಳು ಇದನ್ನು ಬೇಗ ಕಲಿಯುತ್ತಾನೆ.

ಗಾರ್ಡನ್ ಟ್ರ್ಯಾಕ್ಟರ್. ನೋಡಲು ಹಾಗೇ, ಆದರೆ ಚಾಸಿ, ಆಕ್ಸಲ್, ಗೇರ್‌ಬಾಕ್ಸ್ ಗಟ್ಟಿ, ಹಿಂದಿನ ಚಕ್ರ ದೊಡ್ಡದು. ಲಾನ್ ಟ್ರ್ಯಾಕ್ಟರಿನ ಹಿಂಚಕ್ರ ಸಾಮಾನ್ಯವಾಗಿ 20 ಇಂಚು, ಇದರದ್ದು 23 ಇಂಚು ಆಸುಪಾಸು. ಟ್ರೇಲರ್ ಎಳೆಯುವುದು, ಮಣ್ಣು ಸಾಗಿಸುವುದು ಇದ್ದರೆ ಇದು. ರೇಟೂ ಹಾಗೇ ಇರುತ್ತದೆ.

ಜೀರೋ ಟರ್ನ್. ಎರಡು ಲಿವರ್ ಹಿಡಿದು ನಿಂತಲ್ಲೇ ತಿರುಗುವ ಮಷಿನ್. ಡೆಮೊದಲ್ಲಿ ಎಲ್ಲರ ಮನಸ್ಸು ಕದಿಯುವುದು ಇದೇ. ಸಪಾಟು ನೆಲದಲ್ಲಿ ಇದರ ಸಮ ಯಾವುದೂ ಇಲ್ಲ. ಉಬ್ಬು ನೆಲದಲ್ಲಿ ಮೈ ಕುಲುಕಿದಾಗ ಕೈಯೂ ಕುಲುಕುತ್ತದೆ, ಕೈ ಕುಲುಕಿದರೆ ಮಷಿನ್ ಅಡ್ಡ ತಿರುಗುತ್ತದೆ. ಇನ್ನೂ ದೊಡ್ಡ ಅಪಾಯ ಇಳಿಜಾರಿನಲ್ಲಿ. ಸಾಮಾನ್ಯ ಜೀರೋ ಟರ್ನ್‌ನಲ್ಲಿ ಮುಂದಿನ ಚಕ್ರಗಳು ಸುಮ್ನೆ ಉರುಳುವ ಚಕ್ರಗಳು, ದಿಕ್ಕು ಬದಲಿಸುವುದೂ ನಿಲ್ಲಿಸುವುದೂ ಹಿಂದಿನ ಚಕ್ರಗಳೇ. ಹಸಿ ಹುಲ್ಲಿನ ಮೇಲೆ ಅವು ಜಾರಿದರೆ ಮಷಿನ್ ನಿಮ್ಮ ಮಾತು ಕೇಳುವುದಿಲ್ಲ. ನಿಮ್ಮ ಅಳತೆಯಲ್ಲಿ 10 ಡಿಗ್ರಿ ದಾಟುವ ಜಾಗ ಇದ್ದರೆ ಜೀರೋ ಟರ್ನ್ ಬಿಟ್ಟುಬಿಡಿ. ತೆಗೆದುಕೊಳ್ಳುವುದೇ ಆದರೆ ರೋಲ್ ಬಾರ್ (ಮಷಿನ್ ಮಗುಚಿದರೆ ಸವಾರನನ್ನು ಕಾಯುವ ಕಬ್ಬಿಣದ ಕಮಾನು), ಸೀಟ್ ಬೆಲ್ಟ್ ಇರುವ, ಸೀಟಿಗೆ ಸ್ಪ್ರಿಂಗ್ ಅಥವಾ ಇಡೀ ಪ್ಲಾಟ್‌ಫಾರ್ಮಿಗೆ ಸಸ್ಪೆನ್ಷನ್ ಇರುವ ಮಾಡೆಲ್ ನೋಡಿ.

## ಹಂತ 6: ಡೆಕ್

ಅಗಲ ಜಾಸ್ತಿಯಾದಷ್ಟು ಕೆಲಸ ಬೇಗ ಅನ್ನುವುದು ಸಪಾಟು ನೆಲದ ಲೆಕ್ಕ. ನಮ್ಮ ಲೆಕ್ಕ ಹಾಕಿ ನೋಡೋಣ. 42 ಇಂಚಿನ ಡೆಕ್ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಹೋದರೆ, ತಿರುವು ಮತ್ತು ಒಂದರ ಮೇಲೊಂದು ಬೀಳುವ ಪಟ್ಟೆಗೆ ಐದನೇ ಒಂದು ಭಾಗ ಕಳೆದರೂ, ಗಂಟೆಗೆ ಒಂದು ಎಕರೆಗೆ ತುಸು ಜಾಸ್ತಿ ಆಗುತ್ತದೆ. ಉಬ್ಬು ನೆಲದಲ್ಲಿ ಆ ವೇಗ ಸಾಧ್ಯವಿಲ್ಲ. ಮೂರೂವರೆ ಕಿಲೋಮೀಟರಿಗೆ ಇಳಿಸಿದರೆ 30 ಗುಂಟೆ. 54 ಇಂಚಿನ ಡೆಕ್ ಇನ್ನೂ ಜಾಸ್ತಿ ಕುಲುಕುವುದರಿಂದ 3 ಕಿಲೋಮೀಟರಿಗೆ ಇಳಿಸಿದಿರಿ ಅಂದುಕೊಳ್ಳಿ, ಗಂಟೆಗೆ ಸಿಗುವುದು 32 ಗುಂಟೆ. ಎರಡು ಗುಂಟೆಗಾಗಿ ಅಷ್ಟೊಂದು ದುಡ್ಡು, ಮೇಲೆ ಬೋಳು ಲಾನ್. ಬೇಕಾ?

ಉಬ್ಬು ನೆಲಕ್ಕೆ 38 ರಿಂದ 42 ಇಂಚು, ತುಸು ಸಪಾಟಾಗಿದ್ದರೆ 48 ಇಂಚು. ಅದಕ್ಕಿಂತ ಜಾಸ್ತಿ ಹೋಗಬೇಡಿ ಅನ್ನುವುದು ನನ್ನ ಸಲಹೆ.

ಅಂಗಡಿಯಲ್ಲಿ ಮಂಡಿಯೂರಿ ಕೂತು ಡೆಕ್ ಕೆಳಗೆ ನೋಡಿ. ಅಂಚಿನಲ್ಲಿ ಸಣ್ಣ ಚಕ್ರಗಳು ಇರಬೇಕು, ನಡುವೆಯೂ ಒಂದು ರೋಲರ್ ಇದ್ದರೆ ಇನ್ನೂ ಒಳ್ಳೆಯದು. ಇವು ಸದಾ ನೆಲಕ್ಕೆ ಒತ್ತಿಕೊಂಡು ಹೋಗುವ ಚಕ್ರಗಳಲ್ಲ. ಮಷಿನ್ ಸಮ ನೆಲದಲ್ಲಿ ನಿಂತಾಗ ನೆಲದಿಂದ ಕಾಲು ಇಂಚಿನಿಂದ ಅರ್ಧ ಇಂಚು ಮೇಲಿದ್ದು, ಉಬ್ಬು ಬಂದಾಗ ಮಾತ್ರ ತಾಗಿ ಡೆಕ್ಕನ್ನು ಎತ್ತಬೇಕು. ಕೈಯಿಂದ ಡೆಕ್ ಅಂಚು ಎತ್ತಿ ನೋಡಿ. ಸಲೀಸಾಗಿ ಮೇಲೆ ಹೋಗಿ ತಾನೇ ಕೆಳಗೆ ಬಂದರೆ ಡೆಕ್ ತೇಲುತ್ತದೆ ಅಂತ ಅರ್ಥ. ಬಿಗಿಯಾಗಿದ್ದರೆ ಆ ಮಾಡೆಲ್ ನಮ್ಮ ನೆಲಕ್ಕಲ್ಲ.

ಡೆಕ್ ತಗಡಿನ ದಪ್ಪವನ್ನು ಗೇಜ್‌ನಲ್ಲಿ ಹೇಳುತ್ತಾರೆ. ಗೇಜ್ ನಂಬರ್ ಕಮ್ಮಿಯಾದಷ್ಟು ತಗಡು ದಪ್ಪ, ಇದನ್ನು ಉಲ್ಟಾ ತಿಳಿದುಕೊಂಡವರು ಬಹಳ. ಸ್ಪಿಂಡಲ್ (ಬ್ಲೇಡ್ ತಿರುಗಿಸುವ ಶಾಫ್ಟ್) ಕೂರುವ ಜಾಗಕ್ಕೆ ಹೆಚ್ಚುವರಿ ಪ್ಲೇಟ್ ಇದೆಯಾ ಅಂತಲೂ ನೋಡಿ. ಕಲ್ಲು ಬಡಿದಾಗ ಮೊದಲು ಬಾಗುವುದು ಅಲ್ಲಿಯೇ.

ಇನ್ನು ಗೇಟು. 42 ಇಂಚಿನ ಡೆಕ್ ಅಂದರೆ 42 ಇಂಚಿನ ಗೇಟಿನಲ್ಲಿ ಹೋಗುವುದಿಲ್ಲ. ಪಕ್ಕಕ್ಕೆ ಹುಲ್ಲು ಎಸೆಯುವ ಚ್ಯೂಟ್ ಸುಮಾರು 10 ಇಂಚು ಹೊರಗಿರುತ್ತದೆ. ಚ್ಯೂಟ್ ಮೇಲೆ ಮಡಚಿ ಕಟ್ಟಿ ಓಡಿಸುವವರನ್ನು ನೋಡಿದ್ದೇನೆ. ಬ್ಲೇಡಿನ ತುದಿಯ ವೇಗ ಗಂಟೆಗೆ 300 ಕಿಲೋಮೀಟರ್ ದಾಟುವುದೂ ಉಂಟು, ಅದಕ್ಕೆ ಸಿಕ್ಕಿದ ಫರಸಿ ಚೂರು ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಿ. ಚ್ಯೂಟ್ ಕೆಳಗೇ ಇರಲಿ, ಕೆಲಸ ನಡೆವಾಗ ಮಕ್ಕಳು ಲಾನ್‌ನಲ್ಲಿ ಇರಬಾರದು. ತೊಡೆಯ ಮೇಲೆ ಕೂರಿಸಿಕೊಂಡು ಓಡಿಸುವುದಂತೂ ಬೇಡವೇ ಬೇಡ.

## ಹಂತ 7: ಮುಂದಿನ ಆಕ್ಸಲ್, ಟೈರು, ಸೀಟು

ತಂದಿದ್ದ ಇಟ್ಟಿಗೆಗೆ ಈಗ ಕೆಲಸ. ಒಂದು ಮುಂಚಕ್ರವನ್ನು ಇಟ್ಟಿಗೆಯ ಮೇಲೆ ಹತ್ತಿಸಿ ನಿಲ್ಲಿಸಿ. ಉಳಿದ ಮೂರೂ ಚಕ್ರ ನೆಲಕ್ಕೆ ಗಟ್ಟಿಯಾಗಿ ಕೂತಿವೆಯಾ? ಒಂದು ಚಕ್ರವನ್ನು ಕೈಯಿಂದ ಸುಲಭಕ್ಕೆ ತಿರುಗಿಸಲು ಬಂದರೆ ಅದು ಗಾಳಿಯಲ್ಲಿದೆ. ಮುಂದಿನ ಆಕ್ಸಲ್ ನಡುವಿನ ಪಿನ್ ಮೇಲೆ ತೂಗುವಂತಿದ್ದರೆ ಈ ಪರೀಕ್ಷೆ ಪಾಸಾಗುತ್ತದೆ. ಆಕ್ಸಲ್ ಬೀಡಿನದ್ದಾ ತಗಡಿನದ್ದಾ ಅಂತ ಕೇಳಿ. ಬೀಡಿನದ್ದೇ ಒಳ್ಳೆಯದು.

ಟೈರಿಗೆ ನಮ್ಮಲ್ಲಿ ಜಾಲಿ ಮುಳ್ಳೇ ಶತ್ರು. ಕೊಳ್ಳುವಾಗಲೇ ಟೈರಿನೊಳಗೆ ಪಂಕ್ಚರ್ ಸೀಲೆಂಟ್ ಹಾಕಿಸಿ. ಗಾಳಿಯ ವಿಚಾರದಲ್ಲಿ ಒಂದು ಎಚ್ಚರ: ಲಾನ್ ಟ್ರ್ಯಾಕ್ಟರ್‌ಗಳಿಗೆ ಸಾಮಾನ್ಯವಾಗಿ ಮುಂದೆ 14, ಹಿಂದೆ 10 ಪಿಎಸ್ಐ ಆಸುಪಾಸು ಸಾಕು. ಪಂಕ್ಚರ್ ಅಂಗಡಿಯವನು ಬೈಕ್ ಲೆಕ್ಕದಲ್ಲಿ 30 ತುಂಬಿ ಕಳಿಸುತ್ತಾನೆ. ಮಷಿನ್ ಚೆಂಡಿನಂತೆ ಪುಟಿಯುತ್ತದೆ, ದೂರು ಮಾತ್ರ ಸೀಟಿನ ಮೇಲೆ ಬರುತ್ತದೆ. ಮ್ಯಾನುಯಲ್ ಹೇಳಿದ ಗಾಳಿ, ಎಡ ಬಲ ಸಮ. ಒಂದು ಕಡೆ ಕಮ್ಮಿಯಾದರೂ ಡೆಕ್ ವಾರೆಯಾಗುತ್ತದೆ.

ಸೀಟು ಎತ್ತರದ ಬೆನ್ನು ಇರುವಂಥದ್ದು, ಕೆಳಗೆ ಸ್ಪ್ರಿಂಗ್ ಇರುವಂಥದ್ದು. ಮಷಿನ್ ಓಡಿಸುವವರನ್ನೇ ಕೂರಿಸಿ ನೋಡಿ. ಸಾಹುಕಾರರು ಕೂತು ಒಪ್ಪಿದ ಸೀಟಿನಲ್ಲಿ ನಾಳೆ ಮೂರು ಗಂಟೆ ಕೂರುವವನು ಮಾಲಿ, ಅಲ್ವಾ?

## ಹಂತ 8: ಇಂಜಿನ್, ಗೇರ್‌ಬಾಕ್ಸ್, ಪೆಟ್ರೋಲ್

ಎಚ್‌ಪಿ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 42 ಇಂಚಿಗೆ 17 ರಿಂದ 20 ಎಚ್‌ಪಿ ಇದ್ದರೆ ಸಾಕು. ಬ್ರಿಗ್ಸ್ ಅಂಡ್ ಸ್ಟ್ರಾಟನ್, ಕವಾಸಾಕಿ, ಕೋಹ್ಲರ್, ಹೋಂಡಾ ಇಂಜಿನ್‌ಗಳು ಬೇರೆ ಬೇರೆ ಕಂಪನಿಯ ಮೋವರ್‌ಗಳಲ್ಲಿ ಬರುತ್ತವೆ. ಯಾವುದರ ಏರ್ ಫಿಲ್ಟರ್ ನಿಮಗೆ ಹತ್ತಿರದಲ್ಲಿ ಸಿಗುತ್ತದೆ ಅನ್ನುವುದೇ ದೊಡ್ಡ ಪ್ರಶ್ನೆ.

ಹೈಡ್ರೋಸ್ಟ್ಯಾಟಿಕ್ ಗೇರ್‌ಬಾಕ್ಸ್, ಅಂದರೆ ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವಂಥದ್ದು, ತೆಗೆದುಕೊಳ್ಳಿ. ಉಬ್ಬು ಬಂದಾಗ ಕಾಲಿನಿಂದಲೇ ವೇಗ ಇಳಿಸಬಹುದು, ಕ್ಲಚ್ ಒತ್ತಿ ಗೇರ್ ಹಾಕುವ ಕಷ್ಟವಿಲ್ಲ. ಆದರೆ ಇದಕ್ಕೆ ಬಿಸಿ ಒಗ್ಗುವುದಿಲ್ಲ. ಒಳಗಿನ ಎಣ್ಣೆ ಕಾದು ತೆಳ್ಳಗಾದರೆ ಎಳೆತ ಕಮ್ಮಿಯಾಗುತ್ತದೆ. ನಮ್ಮ 40 ಡಿಗ್ರಿ ದಾಟುವ ಮಧ್ಯಾಹ್ನಗಳಲ್ಲಿ, ಏರು ಹತ್ತಿಸುತ್ತಾ, ಹುಲ್ಲು ಧೂಳು ಮೆತ್ತಿದ ಫ್ಯಾನ್ ಇಟ್ಟುಕೊಂಡು ಓಡಿಸಿದರೆ ಯಾವ ಗೇರ್‌ಬಾಕ್ಸ್ ಬಾಳೀತು? ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ ಬಿಸಿಲೇರುವ ಮುಂಚೆ ಮುಗಿಸಿ. ಗೇರ್‌ಬಾಕ್ಸ್ ಎಣ್ಣೆ ಬದಲಿಸಲು ಬರುತ್ತದಾ, ಇಲ್ಲ ಸೀಲ್ ಮಾಡಿದ್ದಾ ಅಂತ ಕೇಳಿ.

ಪೆಟ್ರೋಲ್ ವಿಚಾರ ಬಹಳ ಜನಕ್ಕೆ ಹೊಳೆಯುವುದಿಲ್ಲ. ಇಂಥ ಸಣ್ಣ ಇಂಜಿನ್‌ಗಳ ಮ್ಯಾನುಯಲ್ ಸಾಮಾನ್ಯವಾಗಿ ಶೇ. 10 ರವರೆಗಿನ ಎಥನಾಲ್ ಮಾತ್ರ ಒಪ್ಪುತ್ತದೆ. ಈಗ ನಮ್ಮ ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ ಶೇ. 20. ಇದಕ್ಕೆ ಗ್ಯಾರಂಟಿ ನಡೆಯುತ್ತದಾ ಅಂತ ಡೀಲರ್ ಹತ್ತಿರ ಬರಹದಲ್ಲಿ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕ್, ಕಾರ್ಬ್ಯುರೇಟರ್ ಖಾಲಿ ಮಾಡಿ.

## ಹಂತ 9: ಡೆಮೊ ನಿಮ್ಮ ನೆಲದಲ್ಲೇ

“ಸರ, ಇದು ಎಲ್ಲಾ ನೆಲಕ್ಕೂ ನಡೀತದ್ರೀ” ಅಂತ ಅಂಗಡಿಯವರು ಹೇಳುತ್ತಾರೆ. ಹಾಗಾದರೆ ನಮ್ಮ ನೆಲಕ್ಕೆ ತಂದು ತೋರಿಸ್ರೀ ಅನ್ನಿ. ಸಾಗಾಣಿಕೆ ಖರ್ಚು ಕೊಟ್ಟರೂ ನಷ್ಟವಿಲ್ಲ. ಅಂಗಡಿ ಮುಂದಿನ ಕಾಂಕ್ರೀಟ್ ಮೇಲೆ ಓಡಿಸಿ ನೋಡುವುದು ಡೆಮೊ ಅಲ್ಲ.

1. ಅತಿ ಕೆಟ್ಟ ಪಟ್ಟೆಯಲ್ಲಿ 3 ಇಂಚಿಗೆ ಇಟ್ಟು ಕತ್ತರಿಸಿ. ಎಷ್ಟು ಕಡೆ ಮಣ್ಣು ಕಂಡಿತು ನೋಡಿ.
2. ಇಳಿಜಾರಿನಲ್ಲಿ ಮೇಲೆ ಕೆಳಗೆ ಮಾತ್ರ ಓಡಿಸಿ, ಅಡ್ಡ ಬೇಡ. ಇಳಿಯುವಾಗ ಪೆಡಲ್ ಬಿಟ್ಟರೆ ನಿಲ್ಲುತ್ತದಾ ನೋಡಿ. ಕಾಲುವೆ ಅಂಚಿನಿಂದ ದೂರ ಇರಿ.
3. ಅರ್ಧ ಗಂಟೆ ಬಿಡದೆ ಓಡಿಸಿ, ಆಮೇಲೆ ಅದೇ ಏರು ಮತ್ತೆ ಹತ್ತಿಸಿ. ಮೊದಲಿನಷ್ಟು ಎಳೆತ ಇಲ್ಲದಿದ್ದರೆ ಗೇರ್‌ಬಾಕ್ಸ್ ಸಣ್ಣದು.
4. ಉಬ್ಬಿನ ಮೇಲೆ ಕುಲುಕಿದಾಗ ಇಂಜಿನ್ ಆಫ್ ಆಗುತ್ತದಾ ಗಮನಿಸಿ.

ಕೊನೆಯದರ ಬಗ್ಗೆ ಒಂದು ಮಾತು. ಸೀಟಿನ ಕೆಳಗೆ ಒಂದು ಸ್ವಿಚ್ ಇರುತ್ತದೆ, ಸವಾರ ಎದ್ದರೆ ಬ್ಲೇಡ್ ನಿಲ್ಲಲಿ ಅಂತ. ತೂಕ ಕಮ್ಮಿ ಇರುವವರು ಕೂತಾಗ ಪ್ರತಿ ಉಬ್ಬಿಗೂ ಅದು ಇಂಜಿನ್ ಆರಿಸಬಹುದು. ಮೆಕ್ಯಾನಿಕ್ ಬಂದು ವೈರ್ ಜೋಡಿಸಿ ಸ್ವಿಚ್ಚನ್ನೇ ಬೈಪಾಸ್ ಮಾಡಿಕೊಡುತ್ತೇನೆ ಅನ್ನುತ್ತಾನೆ. ಒಪ್ಪಬೇಡಿ. ಬಿದ್ದವನ ಕಾಲಿನ ಹತ್ತಿರ ಬ್ಲೇಡ್ ತಿರುಗುತ್ತಲೇ ಇರುತ್ತದೆ. ಸೀಟ್ ಸ್ಪ್ರಿಂಗ್ ಹೊಂದಿಸಿ, ವೇಗ ಇಳಿಸಿ. ಆದರೂ ಇಂಜಿನ್ ಹೀಗೆ ಆರುವುದು ತಪ್ಪದಿದ್ದರೆ ಆ ಮಷಿನ್ ವಾಪಸ್.

## ಹಂತ 10: ದುಡ್ಡು ಕೊಡುವ ಮುಂಚೆ

ಬ್ಲೇಡ್, ಬೆಲ್ಟ್, ಸ್ಪಿಂಡಲ್ ಬೇರಿಂಗ್ ಎಲ್ಲಿಂದ ಬರುತ್ತವೆ ಕೇಳಿ. ಹೈದರಾಬಾದ್‌ನಿಂದಲೋ ಸೊಲ್ಲಾಪುರದಿಂದಲೋ ಬಸ್ಸಿಗೆ ಹಾಕಿಸಿಕೊಳ್ಳುವುದು ಪರವಾಗಿಲ್ಲ, ವಿದೇಶದಿಂದ ತರಿಸಬೇಕು ಅಂದರೆ ಮಳೆಗಾಲ ಪೂರ್ತಿ ಕಾಯಬೇಕಾದೀತು. ಒಂದು ಸೆಟ್ ಬ್ಲೇಡ್, ಒಂದು ಬೆಲ್ಟ್, ಎರಡು ಏರ್ ಫಿಲ್ಟರ್ ಮಷಿನ್ ಜೊತೆಗೇ ತೆಗೆದುಕೊಳ್ಳಿ.

ಗ್ಯಾರಂಟಿ ಕಾರ್ಡಿನಲ್ಲಿ ಮನೆ ಬಳಕೆ, ವಾಣಿಜ್ಯ ಬಳಕೆ ಅಂತ ಬೇರೆ ಬೇರೆ ಇರುತ್ತದೆ. ಫಂಕ್ಷನ್ ಹಾಲ್, ಶಾಲೆ, ಹೋಟೆಲ್ ಲಾನ್ ಮನೆ ಬಳಕೆ ಅಲ್ಲ. ಬಿಲ್ ಯಾರ ಹೆಸರಿಗೆ, ಯಾವ ಬಳಕೆಗೆ ಅನ್ನುವುದನ್ನು ಸರಿಯಾಗಿ ಬರೆಸಿ.

## ಮೊದಲ ಮಳೆಗಾಲದ ಎಚ್ಚರಿಕೆ ಗುರುತುಗಳು

ಜೋರು ಮಳೆ ಬಂದ ಮೇಲೆ ಎರೆ ನೆಲದಲ್ಲಿ ಎರಡು ಮೂರು ದಿನ ಮಷಿನ್ ಇಳಿಸಬೇಡಿ. ಹಿಮ್ಮಡಿ ಊರಿದರೆ ಗುರುತು ಬೀಳುವಷ್ಟು ಮೆತ್ತಗಿದ್ದರೆ ಇನ್ನೂ ಕಾಯಿರಿ. ಅಷ್ಟರಲ್ಲಿ ಹುಲ್ಲು ಉದ್ದ ಬೆಳೆದಿದ್ದರೆ ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ, ಎರಡು ಸಲ ಕತ್ತರಿಸಿ.

ಬೆಲ್ಟ್ ಸುಟ್ಟ ವಾಸನೆ ಬಂದರೆ ಡೆಕ್ ಕೆಳಗೆ ಹಸಿ ಹುಲ್ಲು ಗಟ್ಟಿಯಾಗಿ ಮೆತ್ತಿರಬಹುದು. ಕತ್ತರಿಸಿದ ಪಟ್ಟೆ ಒಂದು ಕಡೆ ಎತ್ತರ, ಒಂದು ಕಡೆ ತಗ್ಗು ಬಂದರೆ ಮೊದಲು ಟೈರ್ ಗಾಳಿ ನೋಡಿ, ಆಮೇಲೆ ಡೆಕ್ ಲೆವೆಲ್. ಹುಲ್ಲಿನ ತುದಿ ಹರಿದು ಬಿಳಿಚಿಕೊಂಡರೆ ಬ್ಲೇಡ್ ಮೊಂಡಾಗಿದೆ.

ಕಲ್ಲಿಗೆ ಬಡಿದ ಮೇಲೆ ಸೀಟಿನಲ್ಲಿ ಹೊಸ ನಡುಕ ಶುರುವಾದರೆ ಅಲ್ಲೇ ನಿಲ್ಲಿಸಿ. ಕೀ ತೆಗೆಯಿರಿ, ಸ್ಪಾರ್ಕ್ ಪ್ಲಗ್ ವೈರ್ ಬಿಚ್ಚಿ, ದಪ್ಪ ಗ್ಲೌಸ್ ಹಾಕಿಕೊಳ್ಳಿ. ಸಮ ನೆಲದಲ್ಲಿ ಬ್ಲೇಡಿನ ಒಂದು ತುದಿ ನೆಲದಿಂದ ಎಷ್ಟು ಮೇಲಿದೆ ಅಳೆಯಿರಿ. ಬ್ಲೇಡ್ ಅರ್ಧ ಸುತ್ತು ತಿರುಗಿಸಿ ಇನ್ನೊಂದು ತುದಿಯನ್ನು ಅದೇ ಜಾಗದಲ್ಲಿ ಅಳೆಯಿರಿ. ವ್ಯತ್ಯಾಸ 3 ಮಿಲಿಮೀಟರ್ ದಾಟಿದರೆ ಬ್ಲೇಡ್ ಬಾಗಿದೆ. ಅದನ್ನು ಕಮ್ಮಾರನ ಹತ್ತಿರ ಬಡಿಸಿ ನೇರ ಮಾಡಿಸಬೇಡಿ, ಹೊಸದು ಹಾಕಿ. ಹೊಸ ಬ್ಲೇಡಿಗೂ ಅದೇ ವ್ಯತ್ಯಾಸ ಬಂದರೆ ಬಾಗಿರುವುದು ಸ್ಪಿಂಡಲ್. ಅದನ್ನು ಬದಲಿಸುವವರೆಗೆ ಬ್ಲೇಡ್ ಚಾಲೂ ಮಾಡಬೇಡಿ.